ಕಲ್ಲಪ್ಪನ ಮಳೆ, ನನ್ನ ಮಲ್ಹಾರ

ಎಂಥ ಜಡಿಮಳೆಗೂ ಆರದ ಕಿಚ್ಚೊಂದಿದ್ದರೆ ಅದು ಹೊಟ್ಟೆಕಿಚ್ಚು. ಬೆಳಗಾವಿಯ ಮಳೆಯಲ್ಲಿ ವರ್ಷಗಟ್ಟಲೆ ತೊಯ್ದವನ ಅನುಭವದ ಮಾತಿದು, ನಂಬಿ. ಆಟೋ ನಗರದ ಒಂದು ವರ್ಕ್‌ಶಾಪಿನಲ್ಲಿ ನಾನು ಸ್ಟೋರ್‌ಕೀಪರ್. ಎಂಟು ವರ್ಷ ಹಾರ್ಮೋನಿಯಂ ಮುಂದೆ ಕೂತು, ಮಳೆ ತರಿಸುತ್ತದೆನ್ನುವ ಮಲ್ಹಾರ ರಾಗ ಕಲಿತಿದ್ದೇನೆ. ನಾನು ಹಾಡಿದರೆ ಮಳೆಯೇನೂ ಬರುವುದಿಲ್ಲ. ಹೆಂಡತಿ ಮಾತ್ರ ಒಣಗಿದ ಬಟ್ಟೆ ತರುವ ನೆಪದಲ್ಲಿ ಮಾಳಿಗೆ ಹತ್ತುತ್ತಾಳೆ.

ನಮ್ಮಲ್ಲಿ ಲೇತ್ ಮಷಿನ್ ನಡೆಸುವ ಕಲ್ಲಪ್ಪ ದಿನಾ ಖಾನಾಪುರದಿಂದ ಬರುವವನು. ಸರಿಗಮದ ಗಂಧವಿಲ್ಲ. ಆದರೆ ಜೋರು ಮಳೆಗೆ ಕರೆಂಟ್ ಹೋಗಿ ಮಷಿನ್ ನಿಂತದ್ದೇ ತಡ, ಸೂರಿನ ತಗಡಿನ ಮೇಲಿನ ಮಳೆಯ ಸದ್ದನ್ನೇ ತಾಳ ಮಾಡಿಕೊಂಡು ಸ್ವಂತ ಪದ ಎತ್ತುತ್ತಿದ್ದ. ಜಾಂಬೋಟಿ ಕಡೆಯಿಂದ ಮೋಡ ಇಳಿದದ್ದು, ಗದ್ದೆಯಲ್ಲಿ ಅವ್ವನ ಛತ್ರಿ ಹಾರಿದ್ದು, ಎಲ್ಲವೂ ಅದರಲ್ಲಿ. ಯಾರನ್ನೂ ಹೊಗಳದ ಮಾಲೀಕರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಒಂದು ಸಲ ನನ್ನ ಕಣ್ಣಲ್ಲೂ ನೀರು ಬಂತು. ತಡೆಯಲಾಗದೆ ಹೋದದ್ದು ಅದೇ.

"ಕಲ್ಲಪ್ಪ, ದನಿ ಚಲೋ ಐತಿ. ಖರೇ, ರಾಗಶುದ್ಧಿ ಇಲ್ಲ ನೋಡು," ಎಂದುಬಿಟ್ಟೆ.

"ಹೌದೇನ್ರಿ ಸರ?" ಎಂದು ಅವನು ಮುಖ ಸಣ್ಣ ಮಾಡಿಕೊಂಡ.

ಮುಂದಿನ ಮಳೆಗೆ ಕಲ್ಲಪ್ಪ ಹಾಡಲಿಲ್ಲ. ಎರಡು ನಿಮಿಷ ಹಿತವೆನಿಸಿತು. ಆಮೇಲೆ ಆ ಮಳೆ ಬರೀ ಗದ್ದಲವಾಯಿತು. ಯಾಕೆಂದು ಮಾಲೀಕರು ಕೇಳಿದರೆ, "ಸರ ಹೇಳ್ಯಾರ್ರಿ, ಸುದ್ದ ಇಲ್ಲಂತ. ಕಲಿಯೂತನಕ ಹಾಡೂದಿಲ್ರಿ," ಎಂದ. ಎಲ್ಲರೂ ನನ್ನನ್ನೇ ನೋಡಿದರು. "ನೀವಽ ಕಲಸ್ರಿ ಸರ," ಎಂದು ಅವನು ಕೈ ಮುಗಿದಾಗ ನೆಲ ಬಾಯಿ ಬಿಡಬಾರದೇ ಎನಿಸಿತು.

ಭಾನುವಾರ ಹಾರ್ಮೋನಿಯಂಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬಸ್ಸಿನಲ್ಲಿ ಖಾನಾಪುರದ ಕಲ್ಲಪ್ಪನ ಮನೆಗೆ ಹೋದೆ. ಹೊರಗೆ ಮಳೆ ಹುಯ್ಯುತ್ತಿತ್ತು. ಕಣ್ಣು ಮುಚ್ಚಿ ಆಲಾಪ ಎತ್ತಿದೆ. ಒಳಗಿನಿಂದ ಕಲ್ಲಪ್ಪನ ತಾಯಿ ಇಣುಕಿ, "ಪಾಪ, ಇವರಿಗೆ ನೆಗಡಿ ಆದಂಗೈತಿ. ಕಷಾಯ ಮಾಡ್ಲೇನ್ರಿ?" ಎಂದರು.

ಕಲ್ಲಪ್ಪ ನನ್ನ ಆಲಾಪವನ್ನೇ ಒಂದೇ ಸಲಕ್ಕೆ ಹಿಡಿದು, ತಿರುಗಿ ಹಾಡಿ ತೋರಿಸಿದ. ಎಂಟು ವರ್ಷ ನಾನು ಹುಡುಕಿದ ಮಲ್ಹಾರ ಇವನ ಮನೆಯ ಪಡಸಾಲೆಯಲ್ಲಿ ಕೂತಿತ್ತು. ಆ ತಾಯಿಯ ಕಷಾಯವನ್ನು ತೆಪ್ಪಗೆ ಕುಡಿದೆ.

ಈಗ ಅವನು ಎಲ್ಲರಿಗೂ, "ಇವರು ನಮ್ಮ ಗುರುಗಳ್ರಿ," ಎಂದು ನನ್ನನ್ನು ಪರಿಚಯಿಸುತ್ತಾನೆ. ಮಳೆ ಬಂದಾಗ ಜನ ಮೊದಲು ನನಗೇ ಹಾಡಲು ಹೇಳುತ್ತಾರೆ. "ಶಿಷ್ಯ ಹಾಡ್ಲಿ ಬಿಡ್ರಿ," ಎನ್ನುತ್ತೇನೆ. ಎಂಥ ದೊಡ್ಡ ಮನಸ್ಸು ಎಂದು ಅವರು ಕೊಂಡಾಡುತ್ತಾರೆ. ನಾನೂ ತಿದ್ದಲು ಹೋಗಿಲ್ಲ.