ಕಾರಿನ ಹಲ್ಲು ಕಿತ್ತ ಡಾಕ್ಟರು

"ಬಾಯಿ ತೆರೆದು ತೋರಿಸಿದರೆ ಸಾಕು, ರೋಗ ಎಲ್ಲಿದೆ ಅಂತ ಹೇಳಿಬಿಡ್ತೀನಿ! ಮನುಷ್ಯನಾದರೇನು, ಕಾರಾದರೇನು? ಬಾನೆಟ್ಟೂ ಒಂದು ಬಾಯೀನೇ!"

ಹೀಗೆಂದು ನಮ್ಮ ಹಲ್ಲಿನ ಡಾಕ್ಟರು ತಿಂಡಿಯ ಮೇಜು ಗುದ್ದಿದರು. ಚಮಚಗಳು ಬೆಚ್ಚಿಬಿದ್ದವು. ಎದುರು ಕೂತಿದ್ದ ಹೆಂಡತಿ ಮಾತ್ರ ಬೆಚ್ಚಲಿಲ್ಲ. ಆಕೆ ಶಾಲೆಯ ಹೆಡ್‌ಮಿಸ್. ಮೇಜು ಗುದ್ದುವ ಗಂಡಸರನ್ನು ಒಂದನೇ ತರಗತಿಯಿಂದಲೇ ಪಳಗಿಸಿ ಗೊತ್ತಿದ್ದವರು.

"ಮೆಕ್ಯಾನಿಕ್‌ಗೆ ತೋರಿಸಿ ಅಂದ್ರೆ ನಿಮಗೆ ಪ್ರಾಣ ಹೋಗುತ್ತೆ."

"ಡಾಕ್ಟರ್ ಮನೆಯ ಪೇಷೆಂಟು ಬೇರೆಯವರ ಬಾಗಿಲು ತಟ್ಟೋದೇ? ಮರ್ಯಾದೆ ಪ್ರಶ್ನೆ ಕಣೇ!"

ಪೇಷೆಂಟು ಎಂದರೆ ಅವರ ಕಾರು. ಮದುವೆಗಿಂತ ಹಿರಿಯದು, ಆ ಕಾರಣಕ್ಕೇ ಡಾಕ್ಟರಿಗೆ ಅದರ ಮೇಲೆ ಮೊದಲ ಪ್ರೀತಿ. ಕ್ಲಿನಿಕ್ಕಿನ ಮುಂದೆ ಅದರಿಂದ ಇಳಿಯುವಾಗ ಮಹಾರಾಜರು ಅಂಬಾರಿಯಿಂದ ಇಳಿದಂತೆ ಅವರಿಗನ್ನಿಸುತ್ತಿತ್ತು. ಆದರೆ ಇತ್ತೀಚೆಗೆ ಅಂಬಾರಿಗೆ ವಿಚಿತ್ರ ಕಾಯಿಲೆ ಅಂಟಿತ್ತು. ಓಡುವಾಗ ಪಟ್ಟದ ಕುದುರೆ. ನಿಧಾನಿಸಿದರೆ ಸಮಾಧಿಗೆ ಕೂತ ಸನ್ಯಾಸಿ. ತಿರುವು ಬಂತೆಂದು ಆಕ್ಸಿಲರೇಟರಿನಿಂದ ಕಾಲು ತೆಗೆದದ್ದೇ ತಡ, ಎಂಜಿನ್ ಒಮ್ಮೆ ಬಿಕ್ಕಿ, ಒಮ್ಮೆ ನಡುಗಿ ತಣ್ಣಗಾಗುತ್ತಿತ್ತು. ಹಿಂದಿನ ಗಾಡಿಗಳ ಹಾರ್ನುಗಳು ಒಕ್ಕೊರಲಿನಿಂದ ಶೋಕಗೀತೆ ಹಾಡುತ್ತಿದ್ದವು.

ಕಳೆದ ವಾರ ಈ ಸಮಾಧಿ ಶಾಲೆಯ ಗೇಟಿನಲ್ಲೇ ಸಂಭವಿಸಿತ್ತು. ಸಾಲಾಗಿ ನಿಲ್ಲಿ ಎಂದರೆ ನಿಲ್ಲದ ಮಕ್ಕಳೆಲ್ಲ ಕರೆಯದೆಯೇ ಸಾಲಾಗಿ ಬಂದು, "ಹೆಡ್‌ಮಿಸ್ಸಿಗೆ ಜೈ!" ಎಂದು ಕೂಗುತ್ತ ಕಾರು ತಳ್ಳಿದ್ದರು. ಒಳಗೆ ಹೆಡ್‌ಮಿಸ್ ಎಂಜಿನ್ನಿಗಿಂತ ಹೆಚ್ಚು ಬಿಸಿಯಾಗಿದ್ದರು.

"ಭಾನುವಾರ ನನ್ನ ತಮ್ಮ ಗುಜರಿಯವರನ್ನ ಕರ್ಕೊಂಡು ಬರ್ತಾನೆ," ಎಂದರು ಆಕೆ, ತೀರ್ಪು ಓದುವ ದನಿಯಲ್ಲಿ. "ಅವರ ಮುಂದೆ ಒಂದು ಸುತ್ತು ಹೊಡೀರಿ. ಒಂದೇ ಒಂದು ಸಲ ಆಫ್ ಆದ್ರೂ ಗಾಡಿ ಅವರದು."

"ಆಗದಿದ್ರೆ?"

"ಮನೇಲೇ ಇರ್ಲಿ. ನಾನು ಚಕಾರ ಎತ್ತಲ್ಲ."

ಭಾನುವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಶುರುವಾಯಿತು. ಬಿಳಿ ಕೋಟು, ಮಾಸ್ಕು, ಕೈಗೆ ಗ್ಲೌಸು, ಹಣೆಗೆ ಲೈಟು. ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಎಂಜಿನ್ನಿನ ಸಂದುಗೊಂದಿಗೆಲ್ಲ ಇಳಿಸಿ ಡಾಕ್ಟರು ಇಣುಕಿದರು. ಗಾಳಿ ಒಳಹೋಗುವ ಕೊಳವೆ ಬಿಚ್ಚಿದಾಗ ಅವರಿಗೆ ಮೈಯೆಲ್ಲ ಪುಳಕ!

"ಅಬ್ಬಬ್ಬಾ! ಏನು ಮಸಿ, ಏನು ಕಿಟ್ಟ! ಇದರ ಯಜಮಾನ ಜನ್ಮದಲ್ಲಿ ಬ್ರಷ್ ಮಾಡಿಸಿಲ್ಲ!"

"ಯಜಮಾನ ಯಾರ್ರೀ?" ವರಾಂಡದಿಂದ ದನಿ ಬಂತು.

ಡಾಕ್ಟರು ಕೇಳಿಸದವರಂತೆ ತಿಕ್ಕತೊಡಗಿದರು. ಕೊಳವೆ ಮದುಮಗನ ಹಲ್ಲಿನಂತೆ ಹೊಳೆಯಿತು. ಕಾರು ಹತ್ತಿ, ಅಂಗಳದಲ್ಲಿ ಒಂದಿಷ್ಟು ಮುಂದಕ್ಕೋಡಿಸಿ ಕಾಲು ತೆಗೆದರು. ಬಿಕ್ಕು, ನಡುಕ, ಸಮಾಧಿ.

"ಒಳ್ಳೇದಾಯ್ತು ಬಿಡಿ," ಎಂದರು ಹೆಡ್‌ಮಿಸ್. "ಇಷ್ಟು ದಿನ ಬಾಯಿ ಮುಚ್ಚಿ ಸಾಯ್ತಿತ್ತು. ಇನ್ನು ನಗ್ತಾ ಸಾಯುತ್ತೆ."

ಡಾಕ್ಟರು ಸೋಲುವ ಕುಳವಲ್ಲ! ಹೆಂಡತಿಯನ್ನು ಸೀಟಿನಲ್ಲಿ ಕೂರಿಸಿ, ಎಂಜಿನ್ ಮತ್ತೆ ಚಾಲೂ ಮಾಡಿಸಿ, ಆರದಂತೆ ಆಕ್ಸಿಲರೇಟರ್ ಒತ್ತಿಸಿ ಕಿವಿಯಾನಿಸಿದರು. ಎಲ್ಲೋ 'ಸುಯ್' ಎಂಬ ಸದ್ದು. ಕನ್ನಡಿ ಇಳಿಸಿದರೆ, ಕಿರುಬೆರಳು ಗಾತ್ರದ ಒಂದು ರಬ್ಬರ್ ಟ್ಯೂಬು. ಬಗ್ಗಿದ ಕಡೆ ಸೀಳಿಕೊಂಡಿದೆ. ಬೇರೆ ಯಾರೇ ಆಗಿದ್ದರೂ ಹೊಸ ಟ್ಯೂಬು ಹುಡುಕುತ್ತಿದ್ದರು. ಹಲ್ಲಿನ ಡಾಕ್ಟರ ಕೈ ಮಾತ್ರ ತಾನಾಗಿಯೇ ಇಕ್ಕಳದತ್ತ ಹೋಯಿತು. ಕೆಟ್ಟಿದೆಯೇ? ಅಲುಗಾಡುತ್ತಿದೆಯೇ? ಕಿತ್ತುಬಿಡು! ಎಂಜಿನ್ ಆರಿಸಲು ಹೇಳಿದರು, ಹಿಡಿದರು, ಎಳೆದರು. ಟ್ಯೂಬು ಬೇರುಸಮೇತ ಹೊರಬಂತು. ಅದನ್ನು ತಟ್ಟೆಯಲ್ಲಿಟ್ಟು ಹೆಂಡತಿಗೆ ತೋರಿಸಿದರು.

"ನೋಡು, ಇಷ್ಟೇ ಇಷ್ಟು! ಇದೇ ಊರೆಲ್ಲ ನೋವು ಕೊಡ್ತಿದ್ದದ್ದು."

"ಇದಿಲ್ಲದೆ ನಡೆಯುತ್ತಾ?"

"ಒಂದು ಹಲ್ಲು ಹೋದ್ರೆ ಊಟ ಬಿಡ್ತಾರೇನೇ? ನೀನು ಕೀಲಿ ತಿರುಗಿಸು."

ಹೆಡ್‌ಮಿಸ್ ತಿರುಗಿಸಿದರು. ಎಂಜಿನ್ ಕೆಮ್ಮಿತು, ಸೀನಿತು, ಇಡೀ ಕಾರು ಜ್ವರ ಬಂದಂತೆ ಗಡಗಡ ನಡುಗಿ ತೆಪ್ಪಗಾಯಿತು. ಮೊದಲು ನಿಧಾನಿಸಿದರೆ ಸಾಯುತ್ತಿದ್ದದ್ದು ಈಗ ಹುಟ್ಟುತ್ತಲೇ ಸಾಯತೊಡಗಿತು! ಗಾಬರಿಗೊಂಡ ಡಾಕ್ಟರು, ಹಲ್ಲು ಕಿತ್ತ ಜಾಗವನ್ನು ಒತ್ತಿ ಹಿಡಿಯುವ ಅಭ್ಯಾಸದಂತೆ, ಟ್ಯೂಬು ಕಿತ್ತ ತೂತಿಗೆ ಬೆರಳು ಒತ್ತಿ ಕೂಗಿದರು: "ಇನ್ನೊಂದ್ಸಲ!"

ಆಶ್ಚರ್ಯ! ಎಂಜಿನ್ ಆರದೆ ಬೆಕ್ಕಿನಂತೆ ಗುರುಗುಟ್ಟತೊಡಗಿತು. ಬೆರಳು ತೆಗೆದರೆ ನಡುಕ, ಇಟ್ಟರೆ ನೆಮ್ಮದಿ.

ಭಾವಮೈದುನನೂ ಗುಜರಿಯವರೂ ಗೇಟು ತೆರೆದು ಬಂದದ್ದು ಆಗಲೇ.

"ಏನ್ ಭಾವ, ನಾಡಿ ನೋಡ್ತಿದೀರಾ?"

"ಮಾತಾಡಿಸಬೇಡ ಕಣೋ, ಕೈ ತೆಗೆದ್ರೆ ಹೋಗಿಬಿಡುತ್ತೆ!"

ಗುಜರಿಯವರು ತಲೆಯ ಟೋಪಿ ತೆಗೆದು ಎದೆಗೊತ್ತಿಕೊಂಡರು. "ಕೊನೇ ಗಳಿಗೇನಾ ಡಾಕ್ಟ್ರೇ?"

"ರೀ, ಒಂದು ಉಪಾಯ," ಎಂದರು ಹೆಡ್‌ಮಿಸ್ ಸೀಟಿನಿಂದಲೇ. "ನಾನು ಓಡಿಸ್ತೀನಿ. ನೀವು ಹೀಗೇ ಬೆರಳಿಟ್ಕೊಂಡು ಪಕ್ಕದಲ್ಲಿ ಓಡ್ತಾ ಬನ್ನಿ."

ಮೂವರೂ ನಕ್ಕರು. ಡಾಕ್ಟರು ನಗಲಿಲ್ಲ. ಅವರ ಗಮನ ಬೆರಳಿನಲ್ಲಿತ್ತು. ತೂತು ಅದನ್ನು ಹಸುಗೂಸಿನಂತೆ ಚೀಪುತ್ತಿತ್ತು!

"ಯುರೇಕಾ!" ಎಂದರು ಡಾಕ್ಟರು. "ಒಳಗಡೆ ಎಳೆತ ಇದೆ. ಸೀಳಿನಿಂದ ಕಳ್ಳಗಾಳಿ ನುಗ್ಗುತ್ತೆ. ಜೋರಾಗಿ ಓಡೋವಾಗ ಎಷ್ಟೋ ಗಾಳಿ ಬೇಕು, ಇದು ಲೆಕ್ಕಕ್ಕೇ ಬರಲ್ಲ. ನಿಧಾನ ಆದಾಗ ಬೇಕಿರೋದು ಒಂದು ಗುಟುಕು ಉಸಿರು. ಆಗ ಕಳ್ಳಗಾಳಿ ಜಾಸ್ತಿಯಾಗಿ ಉಸಿರು ಕಟ್ಟುತ್ತೆ! ಲೋ, ಒಳಗಿನ ಕಪಾಟಲ್ಲಿ ಕ್ಲಿನಿಕ್ಕಿಗೆ ತಂದಿರೋ ಹೊಸ ಟ್ಯೂಬಿದೆ, ಓಡು!"

ಪೇಷೆಂಟುಗಳ ಬಾಯಿಂದ ಎಂಜಲು ಎಳೆಯುವ ಯಂತ್ರದ ಟ್ಯೂಬು ಅದು. ಎಳೆಯುವುದೇ ಅದರ ಜನ್ಮಕರ್ಮ. ತುಂಡು ಮಾಡಿ ಕೂರಿಸಿದರು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ನಾಲ್ವರೂ ಕಾರು ಹತ್ತಿದರು. ಮೊದಲು ರಸ್ತೆಯುಬ್ಬು. ಡಾಕ್ಟರು ಕಾಲು ತೆಗೆದರು. ಹಿಂದೆ ಗುಜರಿಯವರು ಆಸೆಯಿಂದ ಮುಂದಕ್ಕೆ ಬಾಗಿದರು. ಎಂಜಿನ್ ಗುರುಗುಟ್ಟುತ್ತಲೇ ದಾಟಿತು. ತಿರುವು, ದಾಟಿತು. ಕೊನೆಗೆ ಕೆಂಪು ಸಿಗ್ನಲ್ಲು. ಎಂಜಿನ್ ಆರಲಿಲ್ಲ! ಡಾಕ್ಟರು ಗಾಜಿಳಿಸಿ ಪಕ್ಕದ ಕಾರಿನ ಅಪರಿಚಿತನಿಗೆ, "ಆಫ್ ಆಗ್ಲಿಲ್ಲ, ನೋಡಿದ್ರಾ?" ಎಂದರು. ಆತ ಗಾಜು ಏರಿಸಿಕೊಂಡ. ಹಿಂದಿನಿಂದ ಹಾರ್ನುಗಳು ಮೊಳಗಿದವು.

"ಹಸಿರು ಬಂತು, ಹೋಗ್ರೀ! ಕಾರು ನಿಂತಿಲ್ಲ, ನೀವೇ ನಿಂತಿದೀರಾ!"

ಮನೆ ಮುಟ್ಟಿದ ಮೇಲೆ ಗುಜರಿಯವರು ನಿಟ್ಟುಸಿರುಬಿಟ್ಟರು. "ನಿಮ್ಮಂಥೋರು ಇನ್ನಿಬ್ಬರು ಈ ಊರಲ್ಲಿದ್ರೆ ನಾನು ಅಂಗಡಿಗೆ ಬೀಗ ಜಡೀಬೇಕು." ಹೆಡ್‌ಮಿಸ್ ಕೂಡ, "ಪಾಸು ಕಣ್ರೀ, ಫಸ್ಟ್ ಕ್ಲಾಸು," ಎಂದು ಮನಸಾರೆ ಒಪ್ಪಿಕೊಂಡರು. ಅಂದು ಡಾಕ್ಟರು ನೆಲದ ಮೇಲೆ ನಡೆಯಲಿಲ್ಲ.

ಸೋಮವಾರ ಬೆಳಿಗ್ಗೆ ತಲೆ ಬಾಚಿ, ಅಂಬಾರಿ ಏರಲು ಹೊರಬಂದರೆ ಡ್ರೈವರ್ ಸೀಟಿನಲ್ಲಿ ಹೆಡ್‌ಮಿಸ್!

"ಇಳಿಯೇ, ಕ್ಲಿನಿಕ್ಕಿಗೆ ಹೊತ್ತಾಯ್ತು."

"ಬಸ್ಸಿದೆಯಲ್ರೀ. ಇಂಥ ಒಳ್ಳೇ ಗಾಡಿ ಇನ್ಮೇಲೆ ಶಾಲೆಗೆ ಬೇಕು."

"ಮನೇಲೇ ಇರ್ಲಿ ಅಂತ ನೀನೇ ಅಂದಿದ್ದೆ!"

"ಮನೇಲೇ ಇದೆಯಲ್ಲ. ಯಾರ ಕೈಲಿ ಅಂತ ಹೇಳಿರಲಿಲ್ಲ."

"ಇದನ್ನ ಗುಣ ಮಾಡಿದವನು ನಾನು ಕಣೇ!"

"ಅದಕ್ಕೇ ಹೇಳ್ತಿರೋದು. ಗುಣವಾದ ಪೇಷೆಂಟನ್ನ ಡಾಕ್ಟರು ಇಟ್ಕೊಳ್ತಾರಾ? ಮನೆಯವರ ಜೊತೆ ಕಳಿಸ್ತಾರೆ!"

ಕಾರು ಹೊರಟಿತು. ಗೇಟಿನ ಬಳಿ ನಿಧಾನವಾಯಿತು. ಡಾಕ್ಟರು ಉಸಿರು ಬಿಗಿಹಿಡಿದು, ಜೀವನದಲ್ಲಿ ಮೊದಲ ಬಾರಿಗೆ, 'ಆಫ್ ಆಗು, ನಮ್ಮಪ್ಪ, ಒಂದೇ ಒಂದ್ಸಲ ಆಫ್ ಆಗು!' ಎಂದು ಬೇಡಿಕೊಂಡರು.

ಆಗಲಿಲ್ಲ. ಜೇನಿನಂತೆ ಗುಂಯ್‌ಗುಡುತ್ತ ಗೇಟು ದಾಟಿ ಹೋಯಿತು.

ಹಾಳು ಕೈಗುಣ!