ಅಳತೆ ರವಿಕೆಯೂ ನನ್ನ ಓವನ್ನೂ

ಹೊಸನಗರದಲ್ಲಿ ಮಿಕ್ಸಿ, ಚಾರ್ಜರು ರಿಪೇರಿ ಮಾಡಿಕೊಂಡು ಸುಖವಾಗಿದ್ದ ನನಗೆ ಒಮ್ಮೆ ಲೋಕೋಪಕಾರದ ಹುಚ್ಚು ಹಿಡಿಯಿತು. ಪಕ್ಕದ ಅಂಗಡಿಯ ಟೈಲರ್ ನಾಗವೇಣಿಗೆ ಕಿವಿ ಕೇಳಿಸುವುದಿಲ್ಲ. ಎದುರು ನಿಂತು ಮಾತಾಡಿದರೆ ತುಟಿ ನೋಡಿಯೇ ತಿಳಿದುಕೊಳ್ಳುತ್ತಾಳೆ. ಆದರೆ ಅವಳ ಮೆಷಿನ್ ಇರುವುದು ಹಿಂದಿನ ಕಿಟಕಿಯ ಬೆಳಕಿನಲ್ಲಿ, ಬಾಗಿಲಿಗೆ ಬೆನ್ನು ಮಾಡಿ. ಗಿರಾಕಿಗಳು ಬಾಗಿಲಲ್ಲಿ ನಿಂತು ಕೂಗಿ ಕೂಗಿ ಸುಸ್ತಾಗಿ ಬೇರೆ ಟೈಲರ್ ಹತ್ತಿರ ಹೋಗುತ್ತಿದ್ದರು. ಗೌರಿಹಬ್ಬ ಬೇರೆ ಹತ್ತಿರ ಬಂದಿತ್ತು. ಅವಳಿಗೆ ವರ್ಷದ ದೊಡ್ಡ ಕೆಲಸವೆಲ್ಲ ಆಗಲೇ.

“ಹಬ್ಬದೊಳಗೆ ನಿಂಗೊಂದು ದೀಪದ ಬೆಲ್ ಮಾಡ್ಕೊಡ್ತೀನಿ. ಬಾಗಿಲಲ್ಲಿ ಒತ್ತಿದ್ರೆ ಮೆಷಿನ್ ಮುಂದೆ ದೀಪ ಹತ್ತತ್ತೆ,” ಎಂದು ಮಾತು ಕೊಟ್ಟೆ.

ಹೆಂಡತಿ ಸುಮಿತ್ರಾ ಕೇಳಿದಳು: “ಅದಕ್ಕೆ ಒಂದು ಬಲ್ಬು, ಒಂದು ಸ್ವಿಚ್ಚು ಸಾಕಾಗಲ್ವೇನ್ರೀ?”

“ಕರೆಂಟ್ ಹೋದ್ರೆ?” ಎಂದು ನಕ್ಕೆ. ಜ್ಞಾನಿಗಳು ಅಜ್ಞಾನಿಗಳನ್ನು ನೋಡಿ ನಗುವ ನಗು!

ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಬೋರ್ಡನ್ನೇ ತಯಾರಿಸಲು ಹೊರಟೆ. ಅದರ ಬಿಡಿಭಾಗಗಳು ಸಾಸಿವೆಯಷ್ಟು. ಬೆಸುಗೆಯ ಪೇಸ್ಟ್ ಹಚ್ಚಿ, ಅವನ್ನು ಕೂರಿಸಿ, ಓವನ್ನಿನಲ್ಲಿಟ್ಟು ಹದವಾಗಿ ಕಾಯಿಸಬೇಕು. ಸಾಗರದ ಗುಜರಿಯಿಂದ ಹಳೆಯ ಕೇಕ್ ಓವನ್ ತಂದೆ. ಎಷ್ಟು ಹೊತ್ತು ಎಷ್ಟು ಬಿಸಿ ಎಂದು ಹೇಳಿಕೊಡಲು ಅದಕ್ಕೊಂದು ಚಿಪ್ ಜೋಡಿಸಿದೆ. ಚಿಪ್ಪಿನೊಳಗಿನ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಅದನ್ನು ಬರೆದವರು ಹೊಸನಗರದವರಲ್ಲವಲ್ಲ! ಕರೆಂಟ್ ಹೋಗಿ ಬಂದರೆ ಅದು ಸುಮ್ಮನೆ ನಿಂತುಬಿಡುತ್ತಿತ್ತು. ನಾನು ಮೂರು ವಾರ ಕೂತು ನನ್ನದೇ ಫರ್ಮ್‌ವೇರ್ ಬರೆದೆ. ಕರೆಂಟ್ ಬಂದ ಕೂಡಲೇ ಓವನ್ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯತಕ್ಕದ್ದು!

ಬೋರ್ಡ್ ಕಾಯಿಸುವ ಶುಭದಿನ ಸುಮಿತ್ರಾ ತನ್ನ ಅಳತೆ ರವಿಕೆ ಕೊಟ್ಟು, “ಹಬ್ಬದ ಬಟ್ಟೆ ಆಗ್ಲೇ ಕೊಟ್ಟಿದೀನಿ. ಇದನ್ನ ನಾಗವೇಣಿಗೆ ಕೊಡಿ, ಜೋಪಾನ,” ಎಂದಳು. ಅವಳಿಗೆ ಸರಿಯಾಗಿ ಕೂರುವ ರವಿಕೆ ಅದೊಂದೇ. ಹತ್ತು ವರ್ಷಗಳಿಂದ ಉಳಿದವೆಲ್ಲ ಅದನ್ನು ನೋಡಿಯೇ ಹುಟ್ಟಿದವು. ಸ್ಕೂಟರಿನಲ್ಲಿ ಬರುವಷ್ಟರಲ್ಲಿ ಅದು ಮಳೆಗೆ ತೊಪ್ಪೆಯಾಯಿತು.

ಅಂಗಡಿ ತಲುಪಿ ಮೊದಲು ಬೋರ್ಡನ್ನು ಓವನ್ನಿಗಿಟ್ಟೆ. ಅರ್ಧ ಕಾದಿರಬೇಕು, ಕರೆಂಟ್ ಹೋಯಿತು. ಏನಾಗಿದೆ ನೋಡೋಣವೆಂದು ತಟ್ಟೆ ಎಳೆದೆ. ವಾಲಿತು. ಸಾಸಿವೆಗಳೆಲ್ಲ ನೆಲದ ಮೇಲೆ! ಬಗ್ಗಿ ಹುಡುಕುವಾಗ ಓವನ್ನಿನ ಬೆಚ್ಚನೆಯ ಹವೆ ಮುಖಕ್ಕೆ ತಾಗಿತು. ಮಳೆಗಾಲದಲ್ಲಿ ನಮ್ಮ ಕಡೆಯವರು ಬೆಚ್ಚಗಿನ ಜಾಗವನ್ನು ಖಾಲಿ ಬಿಡುವುದುಂಟೇ? ಬೆಂಕಿಪೆಟ್ಟಿಗೆಯೋ ಕಾಲುಚೀಲವೋ ಏನಾದರೊಂದು ಅಲ್ಲಿ ಒಣಗಲೇಬೇಕು. ನಾನು ರವಿಕೆಯನ್ನು ನೀಟಾಗಿ ಮಡಚಿ ಒಳಗಿಟ್ಟು ಬಾಗಿಲು ಹಾಕಿದೆ. ಸ್ವಿಚ್ ಆರಿಸಲಿಲ್ಲ.

ಕರೆಂಟ್ ಬಂತು. ನಾನು ಇನ್ನೂ ಮೇಜಿನಡಿ ಸಾಸಿವೆ ಹುಡುಕುತ್ತಿದ್ದೆ. ಓವನ್ ಮಾತ್ರ ತನ್ನ ಕರ್ತವ್ಯ ಮರೆಯಲಿಲ್ಲ. ಮೂರು ವಾರದಲ್ಲಿ ಮೊದಲ ಬಾರಿಗೆ ನನ್ನ ಫರ್ಮ್‌ವೇರ್ ಒಂದೂ ತಪ್ಪಿಲ್ಲದೆ ಕೆಲಸ ಮಾಡಿತು!

ಬಟ್ಟೆ ಸುಟ್ಟ ವಾಸನೆ ಮೊದಲು ಹೋದದ್ದು ಟೈಲರ್ ಮೂಗಿಗೆ. ನಾಗವೇಣಿ ಓಡಿ ಬಂದಳು. ನಾನು ಓವನ್ ಬಾಗಿಲಿಗೆ ಕೈ ಹಾಕಿದ್ದೆ.

“ತೆಗೀಬೇಡಿ ಅಣ್ಣಾ! ಉರಿ ಹತ್ತತ್ತೆ!” ಎಂದು ಕಿರುಚಿ ಪ್ಲಗ್ ಕಿತ್ತಳು.

ಹೊಗೆ ಅಡಗಿ, ಓವನ್ ತಣ್ಣಗಾದ ಮೇಲೆ ಒಳಗಿಂದ ಕರಿಮುದ್ದೆಯೊಂದು ಹೊರಬಂತು. ಅದರಲ್ಲಿ ಒಂದು ತೋಳು ಮಾತ್ರ ಹಸಿರಾಗಿ ಉಳಿದಿತ್ತು.

“ಇದು ಸುಮಿತ್ರಕ್ಕನ ಅಳತೆ ರವಿಕೆ ಅಲ್ದಾ?” ನಾಗವೇಣಿಯ ಕಣ್ಣು ಅಗಲವಾಯಿತು. ನನ್ನ ಮುಖ ನೋಡಿ ಅವಳಿಗೆ ಕನಿಕರ ಬಂದಿರಬೇಕು. “ಹೆದರ್ಬೇಡಿ. ಅಕ್ಕನ ಅಳತೆ ನನ್ನ ಪುಸ್ತಕದಲ್ಲಿ ಬರ್ಕೊಂಡಿದೀನಿ.”

ಹಬ್ಬದ ಕೆಲಸ ರಾಶಿ ಬಿದ್ದಿದ್ದರೂ ಸಂಜೆಯೊಳಗೆ ಹೊಸ ರವಿಕೆ ಹೊಲಿದುಕೊಟ್ಟಳು. ಉಪಕಾರ ಮಾಡಲು ಹೋದವನು ನಾನು. ಕೈಮುಗಿದು ನಿಂತವನೂ ನಾನೇ. ಆ ಋಣವನ್ನು ಮರೆಯಲಾರೆ.

ಸುಮಿತ್ರಾ ತೊಟ್ಟು ನೋಡಿದಳು. “ಹಳೇದಕ್ಕಿಂತ ಚೆನ್ನಾಗಿ ಕೂರತ್ತೆ ಕಣ್ರೀ! ಅಂದ ಹಾಗೆ, ಹಳೇದೆಲ್ಲಿ?”

ತಪ್ಪೊಪ್ಪಿಕೊಂಡೆ. ಅವಳು ಬಯ್ಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರುದಿನ ಒಂದು ಉದ್ದ ದಾರ ತಂದು, ಉಳಿದ ತೋಳನ್ನು ಅದರ ತುದಿಗೆ ಕಟ್ಟಿಸಿ, ಮಾಡಿನ ಜಂತಿಯ ಮೇಲಿಂದ ನಾಗವೇಣಿಯ ಮೆಷಿನ್ ಮುಂದೆ ಇಳಿಬಿಡಿಸಿದಳು. ಬಾಗಿಲಲ್ಲಿ ದಾರ ಎಳೆದರೆ ಒಳಗೆ ಹಸಿರು ತೋಳು ಕುಣಿಯುತ್ತದೆ. ಆ ಹಬ್ಬಕ್ಕೆ ಒಬ್ಬ ಗಿರಾಕಿಯೂ ತಿರುಗಿ ಹೋಗಲಿಲ್ಲ. ಕರೆಂಟ್ ಹೋದಾಗಲೂ!

“ಇದು ಪಕ್ಕದ ಅಣ್ಣ ಮಾಡಿಕೊಟ್ಟಿದ್ದು,” ಎಂದು ನಾಗವೇಣಿ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಅವಳ ಮನಸ್ಸು ದೊಡ್ಡದು. ಅದರಲ್ಲಿ ನಾನು ಮಾಡಿದ್ದು ತೋಳಿಗೆ ಹಾಕಿದ ಒಂದು ಗಂಟು ಮಾತ್ರ. ಅದೂ ಎರಡನೇ ದಿನವೇ ಬಿಚ್ಚಿಹೋಗಿ, ಸುಮಿತ್ರಾ ಬಂದು ಮತ್ತೆ ಕಟ್ಟಿದಳು.