ಅತ್ತಿ, ಡಾಸು ಮತ್ತ ಪಾಳಿ

ನಿಮ್ಮಲ್ಲೂ ಹಿಂಗ ಆಗಿತ್ತೇನ್ರಿ? ವಿಂಡೋಸಿಗಿಂತ ಮೊದಲಿನ ಕಾಲದ್ದೊಂದು ಡಾಸ್ ಪ್ರೋಗ್ರಾಮ್ ಸ್ಕ್ರೀನಿನ ಮೂಲ್ಯಾಗ ತಗದಿಟ್ಟಿರ್ತೀರಿ. ಅದರಾಗ ಯಾರೂ ಒಂದಕ್ಷರ ಹೊಡ್ಯಾಕತ್ತಿರೂದಿಲ್ಲ. ಆದ್ರೂ ಇಡೀ ಕಂಪ್ಯೂಟರ್ ಏರು ಹತ್ತೂ ಚಕ್ಕಡಿ ಆಗಿರ್ತದ. ನಮ್ಮ ಅಂಗಡ್ಯಾಗ ಅಂಥಾವು ಎರಡಿದ್ದುವು. ಒಂದು ಆ ಪ್ರೋಗ್ರಾಮು, ಇನ್ನೊಂದು ನಮ್ಮ ಅತ್ತಿ.

ಅತ್ತಿ ಅಂದ್ರ ನಮ್ಮಪ್ಪನ ತಂಗಿ. ರಾಮದುರ್ಗದಾಗ ಟೈಪಿಂಗ್ ಕ್ಲಾಸ್ ನಡಸ್ತಿದ್ಲು. ಕಂಪ್ಯೂಟರ್ ಬಂದು ಕ್ಲಾಸ್ ಬಂದ್ ಆತು, ನನ್ನ ಡಿಟಿಪಿ ಅಂಗಡಿಗೆ ಬಂದು ಕುಂತ್ಲು. ಇಬ್ಬರಿಗೂ ಇದ್ದದ್ದು ಒಂದ ಕಂಪ್ಯೂಟರ್. ಅಕಿ ಕಲತದ್ದು ಅದೊಂದ ಡಾಸ್ ಪ್ರೋಗ್ರಾಮು, ಸಾಲಿ ಪ್ರಶ್ನಪತ್ರಿಕಿ ಎಲ್ಲಾ ಅದರಾಗ. ಅದು ಹೋದ್ರ ಅಕಿ ಕೆಲಸಾನೂ ಹೋತು. ಇದು ಅಕಿಗೂ ಗೊತ್ತಿತ್ತು.

ಟೈಪ್ ಮಾಡೂಮುಂದ ಅಂಗಡಿಗೆ ಬೆಂಕಿ ಬಿದ್ರೂ ತಿರಗಿ ನೋಡಾಕಿ ಅಲ್ಲ. ಕೆಲಸ ಮುಗೀತಂದ್ರ ಶುರು.

"ತಮ್ಮಾ, ಏನರ ಐತೇನು?"

"ಇಲ್ಲ ಅತ್ತಿ."

ನಾ ಮೌಸ್ ಹಿಡಿಯೂದ್ರಾಗ, "ಈಗೇನರ ಐತೇನು?"

ಗಿರಾಕಿಗೂ ಬಿಡ್ತಿರ್ಲಿಲ್ಲ. ಝೆರಾಕ್ಸಿಗೆ ಬಂದ ಮಾಸ್ತರೊಬ್ರು ಅಕಿ ಕಾಟಕ್ಕ ಹೆದರಿ ರಜಾ ಅರ್ಜಿ ಟೈಪ್ ಮಾಡಿಸ್ಕೊಂಡು ಹ್ವಾದ್ರು. ಅವರು ರಿಟಾಯರ್ ಆಗಿ ವರ್ಷ ಆಗಿತ್ತು. ನನಗ ಮಾರಿ ಎಲ್ಲಿ ಇಡಬೇಕೋ ತಿಳೀಲಿಲ್ಲ.

ಒಂದಿನ ಸುರೇಬಾನದಿಂದ ಮದುವಿ ಹುಡುಗಿ ಅಪ್ಪ ಒಬ್ಬ ಲಗ್ನಪತ್ರಿಕಿ ಮಾಡಸಾಕ ಬಂದ. ಗಣಪತಿ ಚಿತ್ರ ಹಾಕೀನಿ, ಸೊಂಡಿ ಬಂತು, ಹೊಟ್ಟಿ ಬರವಲ್ದು. "ಹಿಂದ ನಮ್ಮ ಅತ್ತಿ ಹಳೇ ಪ್ರೋಗ್ರಾಮು ನಡದದ್ರಿ, ಅದಕ್ಕ ತಡಾ," ಅಂದೆ.

"ದೇವರು ಉಪವಾಸ ಅದಾನೇನ್ರಿ ಸಾಹೇಬ್ರ?" ಅಂದ ಆತ. "ಆ ಅಕ್ಕಾರ ಹಳೇದು ತಗದು ಒಗೀರಲಾ."

ಅತ್ತಿ ಮಾರಿ ಇಷ್ಟಾತು.

ನಾ ಒಗೀಲಿಲ್ಲ. ನನ್ನ ಕೆಲಸ ಮುಂದಿದ್ದು ಅದು ಹಿಂದಿದ್ದಾಗ ಪೂರ್ತಿ ನಿಲ್ಲೂ ಹಂಗ ಅದರ ಸೆಟ್ಟಿಂಗಿನ್ಯಾಗ ಒಂದು ಟಿಕ್ ಹಾಕಿದೆ. ಗಣಪತಿ ದಡಕ್ಕನ ಬಂದ. ಆದ್ರ ಮರುದಿವಸ ಅತ್ತಿ ಪ್ರಿಂಟ್ ಕೊಟ್ಟಾಳ, ನಾ ನನ್ನ ಕೆಲಸ ಮುಂದ ತಂದೀನಿ, ಅಕಿ ಪ್ರಶ್ನಪತ್ರಿಕಿ ಅರ್ಧಕ್ಕ ನಿಂತುಬಿಡ್ತು.

"ಸತ್ತ ಹೋತೇನೋ ತಮ್ಮಾ ಅದು?" ಅಂದ್ಲು.

ಟಿಕ್ ತಗದು, ಬಾಜೂಕಿದ್ದ ಇನ್ನೊಂದು ಸೆಟ್ಟಿಂಗ್ ಸರಿಸಿ ತಿಳಿಸಿ ಹೇಳಿದೆ. "ವಿಂಡೋಸು ಎಲ್ಲಾರಿಗೂ ಪಾಳಿ ಕೊಡ್ತದ ಅತ್ತಿ. ನಿನ್ನ ಪ್ರೋಗ್ರಾಮಿಗೆ ಕಂಪ್ಯೂಟರ್ ಪೂರಾ ತನ್ನದ ಅನ್ನೂ ಕಾಲದ ರೂಢಿ. ಕೆಲಸ ಇಲ್ಲಂದ್ರೂ ಪಾಳಿ ಬಿಟ್ಟುಕೊಡಾಕ ಬರೂದಿಲ್ಲ. ಯಾರರ ಕೀ ಒತ್ತಿದ್ರೇನು, ಒತ್ತಿದ್ರೇನು ಅಂತ ಕೇಳಕೋತನ ಕುಂದರ್ತದ. ಇನ್ನ ಮ್ಯಾಲೆ ಹಂಗ ಕೇಳಾಕತ್ರ, ಇದು ಖಾಲಿ ಕುಂತದ ಅಂತ ವಿಂಡೋಸು ಪಾಳಿ ಮುಂದಿನವಗ ಕೊಡ್ತದ. ಕೆಲಸ ಇದ್ದಾಗ ಇದರ ಪಾಳಿ ಇದಕ್ಕ. ಯಾವದೂ ತಗ್ಯೂದು ಬ್ಯಾಡ."

ಅತ್ತಿ ನನ್ನ ಕಡೆ ತಿರಗಿದ್ಲು. "ನಾನೂ ಹಂಗ ಏನೋ?"

"ಏ ಇಲ್ಲ ಅತ್ತಿ." ಭಾಳ ಲಗೂ ಅಂದುಬಿಟ್ಟೆ.

ಮಧ್ಯಾಹ್ನ ಅಕಿ ತನ್ನ ಕುರ್ಚಿ ಎತಗೊಂಡು ಹೋಗಿ ಬಾಗಲ ಹೊರಗ ಹಾಕ್ಕೊಂಡು ಕುಂತ್ಲು. ಗಿರಾಕಿ ಬಂದ್ರ ಏನೂ ಕೇಳಲಿಲ್ಲ, ಕಾಲು ಮಡಚಿ ದಾರಿ ಬಿಟ್ಲು. ಅದನ್ನ ನೋಡಿ ನನಗ ನೆಲಾ ಬಾಯಿ ಬಿಟ್ರ ಸಾಕು ಅನಿಸ್ತು. ನಾನೂ ನನ್ನ ಕುರ್ಚಿ ಎತಗೊಂಡು ಹೋಗಿ ಅಕಿ ಬಾಜೂಕ ಹಾಕಿದೆ. ಒಳಗ ಅಕಿ ಪ್ರಶ್ನಪತ್ರಿಕಿ ಪ್ರಿಂಟ್ ಆಗಾಕತ್ತಿತ್ತು.

"ಹುಚ್ಚಪ್ಪ, ಅಂಗಡಿ ಯಾರು ನೋಡಾವ್ರೋ?" ಅಂದ್ಲು.

"ಇಬ್ಬರೂ ಇಲ್ಲೇ ಅದೀವಲ್ಲ ಅತ್ತಿ."

ನಿಮ್ಮ ಮನ್ಯಾಗೂ ಹಿಂಗ ಯಾರರ ಸುಮ್ಮಕ ಕುರ್ಚಿ ಹೊರಗ ಹಾಕ್ಕೊಂಡಿದ್ರ, ಕೆಳಗ ಬರೀರಿ. ಅವರನ್ನ ಒಳಗ ಹೆಂಗ ಕರಕೊಂಡು ಬಂದ್ರಿ, ಅದನ್ನೂ ಬರೀರಿ.